ಭುಜದ ಕೀಲು ಜಾರಿದ ಮೇಲೆ ಜಿಮ್‌ಗೆ ಯಾವಾಗ ಹೋಗಬಹುದು?

ಕಬಡ್ಡಿ ಆಡುವಾಗ ಬಲ ಭುಜ ಜಾರಿತ್ತು, ಕೊರಳಿಗೆ ಹಾಕಿದ್ದ ಜೋಳಿಗೆ ಬಿಚ್ಚಿ ವಾರವಾಯಿತು, ಡಂಬೆಲ್ ಎತ್ತಬಹುದಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನಾನು ಎತ್ತಿ ಕೆಟ್ಟವನು.

ನನ್ನ ಬಲ ಭುಜ ಜಾರಿದ್ದು ಹುಬ್ಬಳ್ಳಿಯಲ್ಲೇ, ಉಣಕಲ್ ಹತ್ತಿರ ಮಳೆಯಲ್ಲಿ ಸ್ಕೂಟರ್ ಸಮೇತ ಬಿದ್ದಾಗ. ನೋವು ಹೋಯಿತಲ್ಲ ಅಂತ ಬೇಗನೆ ಜಿಮ್‌ಗೆ ಹೋಗಿ ತಲೆ ಮೇಲೆ ಭಾರ ಎತ್ತತೊಡಗಿದೆ. ಎರಡನೇ ಸಲ ಜಾರಿದ್ದು ಬನಿಯನ್ ತೆಗೆಯುವಾಗ! ನಗಬೇಡಿ.

ಚಮಚದಲ್ಲಿ ನಿಂಬೆಹಣ್ಣಿಟ್ಟು ಓಡುವ ಆಟ ಆಡಿದ್ದೀರಲ್ವಾ? ಭುಜದ ಕೀಲೂ ಹಾಗೇ. ತೋಳಿನ ಮೂಳೆಯ ತುದಿಯಲ್ಲಿರುವ ಚೆಂಡು ದೊಡ್ಡದು, ಅದು ಕೂರುವ ಬಟ್ಟಲು ಚಿಕ್ಕದು. ಕೈ ಆಡುವಾಗ ಆ ಚೆಂಡನ್ನು ಬಟ್ಟಲಿಗೆ ಒತ್ತಿ ಹಿಡಿಯುವುದು ರೊಟೇಟರ್ ಕಫ್ ಅನ್ನುವ ನಾಲ್ಕು ಸಣ್ಣ ಸ್ನಾಯುಗಳು. ಕನ್ನಡಿಯಲ್ಲಿ ಕಾಣುವ ಎದೆ, ತೋಳು ಆಮೇಲೆ.

ಫಿಸಿಯೋ ನನಗೆ ಮೊದಲು ಹೇಳಿಕೊಟ್ಟಿದ್ದು ಗೋಡೆ ಒತ್ತುವುದು. ಮೊಣಕೈ ಮಡಚಿ ಪಕ್ಕೆಗೆ ಇಟ್ಟು, ಮುಂಗೈಯ ಹೊರಬದಿಯಿಂದ ಗೋಡೆಯನ್ನು ಮೆಲ್ಲಗೆ ಐದು ಸೆಕೆಂಡ್ ಒತ್ತಬೇಕು. ಕೈ ಅಲ್ಲಾಡಬಾರದು. ಹತ್ತು ಸಲ. ಸುಮ್ನೆ ನಿಂತ ಹಾಗೆ ಕಾಣುತ್ತದೆ, ಆದರೆ ಭುಜದ ಹಿಂದೆ ಬಿಸಿ ಏರುತ್ತದೆ.

ಅದು ನೋವಿಲ್ಲದೆ ಬಂದ ಮೇಲೆ ರಬ್ಬರ್ ಬ್ಯಾಂಡ್. ನಾನು ಸೈಕಲ್ ಅಂಗಡಿಯಿಂದ ಹಳೇ ಟ್ಯೂಬ್ ತಂದು ಕಿಟಕಿ ಸರಳಿಗೆ ಕಟ್ಟಿದ್ದೆ. ಪಕ್ಕೆ ಮತ್ತು ಮೊಣಕೈ ನಡುವೆ ಟವೆಲ್ ಸುರುಳಿ ಇಟ್ಟುಕೊಳ್ಳಿ, ಅದು ಬೀಳಬಾರದು. ಬ್ಯಾಂಡಿನ ಇನ್ನೊಂದು ತುದಿ ಹಿಡಿದು ಮುಂಗೈ ಮಾತ್ರ ಬಾಗಿಲಿನ ಹಾಗೆ ಹೊರಕ್ಕೆ ತೆರೆಯಬೇಕು. ವಾಪಸ್ ಬರುವಾಗ ಮೂರು ಎಣಿಸುತ್ತಾ ಬನ್ನಿ. ಎಲ್ಲರೂ ತಪ್ಪುವುದು ಇಲ್ಲೇ, ಟ್ಯೂಬ್ ಎಳೆದಂತೆ ಕೈ ಬಿಟ್ಟುಬಿಡುತ್ತಾರೆ. 12 ಸಲದಂತೆ ಎರಡು ಮೂರು ಸುತ್ತು, ದಿನ ಬಿಟ್ಟು ದಿನ ಸಾಕು. ಜಾಸ್ತಿ ಮಾಡಿದರೆ ಬೇಗ ವಾಸಿಯಾಗಲ್ಲ.

ಜೊತೆಗೆ ಗೋಡೆಗೆ ದಂಡ ಹೊಡೆಯಿರಿ. ಕೈ ನೇರವಾದ ಮೇಲೂ ಇನ್ನೊಂದು ಇಂಚು ತಳ್ಳಿ. ಬೆನ್ನಿನ ರೆಕ್ಕೆಮೂಳೆ ಪಕ್ಕೆಯ ಸುತ್ತ ಮುಂದಕ್ಕೆ ಜರುಗಬೇಕು. ಆ ಮೂಳೆಯಲ್ಲೇ ಬಟ್ಟಲು ಇರುವುದು. ಅದು ಗಟ್ಟಿ ನಿಲ್ಲದಿದ್ದರೆ ಚೆಂಡು ಎಲ್ಲಿ ನಿಲ್ಲಬೇಕು? ಗರಡಿಯ ಗದೆ ತಿರುಗಿಸುವ ಆಸೆ ಇದ್ದರೆ ಅದು ಕೊನೆಗೆ.

ಕಲ್ಲು ಎಸೆಯುವವರ ಹಾಗೆ ಕೈ ಮೇಲೆತ್ತಿ ಹಿಂದಕ್ಕೆ ಒಯ್ಯುವುದು ಸದ್ಯ ಬೇಡವೇ ಬೇಡ, ಜಾರುವುದು ಬಹಳ ಸಲ ಆ ಭಂಗಿಯಲ್ಲೇ. ಕೈ ಜುಮ್ಮೆನ್ನುತ್ತಿದ್ದರೆ, ಎತ್ತಲು ಆಗದಿದ್ದರೆ ಅಥವಾ ಮತ್ತೆ ಜಾರಿದರೆ ವ್ಯಾಯಾಮ ಬಿಟ್ಟು ಮೂಳೆ ಡಾಕ್ಟರ ಹತ್ತಿರ ಹೋಗಿ. ಕಬಡ್ಡಿಗೆ ಯಾವಾಗ ಇಳಿಯಬಹುದು ಅಂತ ಅವರನ್ನೇ ಕೇಳಿ, ತಿಂಗಳುಗಳೇ ಬೇಕಾಗಬಹುದು. ನಾನಂತೂ ಚಿಗರಿ ಬಸ್ಸಿನಲ್ಲಿ ಮೇಲಿನ ಹಿಡಿಕೆಯನ್ನು ಇವತ್ತಿಗೂ ಎಡಗೈಯಲ್ಲೇ ಹಿಡಿಯುತ್ತೇನೆ.