ಪ್ರತಿಕ್ರಿಯೆ: ಬೆಳಿಗ್ಗೆ ಬಿಸಿಲಿದ್ದರೆ ಜಲಪಾತಕ್ಕೆ ಹೋಗಬಹುದಾ?

ಮಧ್ಯಾಹ್ನ ಗುಡುಗು ಮಳೆ, ದಿಢೀರ್ ಪ್ರವಾಹದ ಮುನ್ಸೂಚನೆ ಇದೆ, ಆದರೆ ಬೆಳಿಗ್ಗೆ ಒಳ್ಳೇ ಬಿಸಿಲು, ದ್ವೀಪದ ಜಲಪಾತಕ್ಕೆ ಹೋಗಬಹುದಾ ಅಂತ ಕೇಳಿದ್ದೀರಿ. ಬೇಡ, ದಯವಿಟ್ಟು ಇನ್ನೊಂದು ದಿನ ಹೋಗಿ. ಆ ಬಿಸಿಲೇ ಮಳೆ ತರುವುದು. ನೆಲ ಕಾದಂತೆ ಸಮುದ್ರದ ತೇವದ ಗಾಳಿ ಒಳನುಗ್ಗಿ, ಬೆಟ್ಟಕ್ಕೆ ತಾಗಿ ಮೇಲೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಒಂದೇ ಕಡೆ ಸುರಿಯಬಹುದು. ಬೆಟ್ಟದ ದ್ವೀಪಗಳಲ್ಲಿ ಹೊಳೆಗಳು ಗಿಡ್ಡ, ಇಳಿಜಾರು ಜಾಸ್ತಿ. ಮೇಲೆ ಬಿದ್ದ ನೀರು ಬೇಗ ಕೆಳಗಿಳಿಯುತ್ತದೆ. ನೀವು ನಿಂತಲ್ಲಿ ಒಂದು ಹನಿಯೂ ಬೀಳದಿದ್ದರೂ ಹೊಳೆ ಉಕ್ಕಿ ಬರಬಹುದು, ಭಯ ಇರುವುದೇ ಅದರಲ್ಲಿ ಅಲ್ವಾ?

ಈಗಾಗಲೇ ಹೊರಟಿದ್ದರೆ ನೀರನ್ನು ನೋಡುತ್ತಿರಿ. ತಿಳಿಯಾಗಿದ್ದದ್ದು ಇದ್ದಕ್ಕಿದ್ದಂತೆ ಕದಡಿದರೆ, ಎಲೆ ಕಡ್ಡಿ ತೇಲಿಬಂದರೆ, ಬ್ಯಾಗ್ ಅಲ್ಲೇ ಬಿಟ್ಟು ಎತ್ತರಕ್ಕೆ ಹತ್ತಿ. ಹೊಳೆ ದಾಟಬೇಡಿ. ಬರೀ 15 ಸೆಂಟಿಮೀಟರ್ ರಭಸದ ನೀರು ದೊಡ್ಡವರನ್ನೂ ಕೆಡವಬಲ್ಲದು.