ಸರ್ಕಾರಿ ಹೈಸ್ಕೂಲಿನ ಫಲಿತಾಂಶ ಶೇ 58 ಇದೆ, ಮಗಳನ್ನು ಸೇರಿಸಬಹುದಾ?

ಪೀಣ್ಯದ ಕಡೆಗೆ ಮನೆ ಬದಲಾಯಿಸಿದ್ದೀರಿ, ಮಗಳನ್ನು ಎಂಟನೇ ಕ್ಲಾಸಿಗೆ ಸೇರಿಸಬೇಕು. ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 58. ಓದುವವರಲ್ಲಿ ಹೆಚ್ಚಿನವರು ವಲಸೆ ಬಂದ ಕೂಲಿಯವರ ಮಕ್ಕಳು. ಅಲ್ಲಿ ಪಾಠ ಸರಿಯಾಗಿ ನಡೆಯುತ್ತದಾ ಅಂತ ಕೇಳಿದ್ದೀರಿ.

ನಾನು ಬೆಂಗಳೂರಿನದೇ ಇನ್ನೊಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಟೀಚರ್. ನೀವು ಹೇಳುವ ಶಾಲೆಯನ್ನು ನೋಡಿಲ್ಲ. ಆದರೆ ಆ 58ರ ಒಳಗೆ ಏನಿರುತ್ತದೆ ಅಂತ ಚೆನ್ನಾಗಿ ಗೊತ್ತು. ಟೀಚರ್ ಹೇಗೆ ಪಾಠ ಮಾಡಿದರು ಅನ್ನುವುದಕ್ಕಿಂತ, ಮಕ್ಕಳು ಯಾವಾಗ ಬಂದರು, ಎಷ್ಟು ದಿನ ಉಳಿದರು ಅನ್ನುವುದೇ ಅದರಲ್ಲಿ ಜಾಸ್ತಿ ಇರುತ್ತದೆ.

ನನ್ನ ಕ್ಲಾಸಿನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಮಕ್ಕಳಿದ್ದಾರೆ. ಅಪ್ಪ ಅಮ್ಮ ಗಾರೆ ಕೆಲಸ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವವರಿದ್ದಾರೆ. ಅಪಾರ್ಟ್‌ಮೆಂಟ್ ಕಾಯುವ ನೇಪಾಳದವರ ಮಗನೂ ಒಬ್ಬನಿದ್ದಾನೆ. ಇವರೆಲ್ಲರೂ ಪ್ರಥಮ ಭಾಷೆ ಕನ್ನಡವನ್ನು 125 ಅಂಕಕ್ಕೆ ಬರೆಯಬೇಕು. ಗಾರ್ಮೆಂಟ್ಸಿಗೆ ಹೋಗುವ ತಾಯಂದಿರಲ್ಲಿ ಸ್ವಲ್ಪ ಕೈಯಲ್ಲಿ ಕಾಸಿದ್ದವರು ಸಾಲ ಮಾಡಿಯಾದರೂ ಪಕ್ಕದ ಇಂಗ್ಲಿಷ್ ಮೀಡಿಯಂಗೆ ಹಾಕುತ್ತಾರೆ. ಅದೂ ಆಗದವರು ನಮ್ಮಲ್ಲಿಗೆ ಬರುತ್ತಾರೆ.

ಒಂದು ಸಂಗತಿ ಹೇಳುತ್ತೇನೆ. ಒಬ್ಬಳು ಹುಡುಗಿ ಅಕ್ಟೋಬರಿನಲ್ಲಿ ಎಂಟನೇ ಕ್ಲಾಸಿಗೆ ಬಂದಳು. ಊರು ಯಾದಗಿರಿ ಜಿಲ್ಲೆ. ಒತ್ತಕ್ಷರ ಬಂದ ಕಡೆಯೆಲ್ಲ ಬೆರಳಿಟ್ಟುಕೊಂಡು ನಿಲ್ಲುತ್ತಿದ್ದಳು. ಪುಸ್ತಕದ ಲೆಕ್ಕ ಹೀಗಿತ್ತು: 60 ಮೀಟರ್ ಉದ್ದ, 40 ಮೀಟರ್ ಅಗಲದ ಆಯತಾಕಾರದ ಜಮೀನಿನ ಸುತ್ತಳತೆ ಕಂಡುಹಿಡಿ. ಅವಳು ‘ಆಯತಾಕಾರ’ದ ಹತ್ತಿರವೇ ನಿಂತಳು. ನಾನು ಪುಸ್ತಕ ಮುಚ್ಚಿ, ‘ಹೊಲದ ಸುತ್ತ ತಂತಿ ಬೇಲಿ ಹಾಕಬೇಕು, ಎಷ್ಟು ಮೀಟರ್ ತಂತಿ ತರ್ತೀಯಾ?’ ಅಂದೆ. ‘ನಾಕೂ ಕಡೀದು ಕೂಡಿಸಬೇಕಲ್ರೀ ಟೀಚರ್, ಇನ್ನೂರು’ ಅಂದಳು. ಪೆನ್ಸಿಲ್ ಕೂಡ ಮುಟ್ಟಲಿಲ್ಲ. ಪರೀಕ್ಷೆ ಕೋಣೆಯಲ್ಲಿ ಪಕ್ಕ ನಿಂತು ಬೇಲಿ ಅಂತ ಹೇಳುವುದಕ್ಕೆ ನಾನು ಇರುವುದಿಲ್ಲ ಅಲ್ವಾ? ಅಲ್ಲಿ ಅವಳಿಗೆ ಸೊನ್ನೆ. ಆ ಸೊನ್ನೆಯೂ ಶಾಲೆಯ ಫಲಿತಾಂಶಕ್ಕೆ ಸೇರುತ್ತದೆ. ಅವಳಿಗೆ ಲೆಕ್ಕ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಕಾರಣ ಗೈರುಹಾಜರಿ. ಡಿಸೆಂಬರ್, ಜನವರಿಯಲ್ಲಿ ಊರಲ್ಲಿ ತೊಗರಿ ರಾಶಿ. ಮನೆಯವರೆಲ್ಲ ಹೊರಟರೆ ಮಗುವೂ ಹೊರಡುತ್ತದೆ. ಹತ್ತನೇ ಕ್ಲಾಸಿನವರಿಗೆ ನಾವು ಪುನರಾವರ್ತನೆ ಶುರು ಮಾಡುವುದೂ ಆಗಲೇ. ಕಟ್ಟಡದ ಕೆಲಸ ಮುಗಿದರೆ ಶೆಡ್ ಕಿತ್ತುಕೊಂಡು ಬೆಂಗಳೂರಿನ ಇನ್ನೊಂದು ತುದಿಗೆ ಹೋಗುತ್ತಾರೆ. ಸೋಮವಾರ ಹಾಜರಿ ಕೂಗಿದಾಗಲೇ ನಮಗೆ ಗೊತ್ತಾಗುವುದು.

ಫಲಿತಾಂಶದ ಅಂಕಿಯನ್ನು ಒಂದು ವರ್ಷದ್ದು ಮಾತ್ರ ನೋಡಬೇಡಿ. ಇಡೀ ರಾಜ್ಯದ್ದೇ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ನಕಲು ತಡೆಯುವುದಕ್ಕೆ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ಕೃಪಾಂಕವನ್ನು (ಗ್ರೇಸ್ ಮಾರ್ಕ್ಸ್) ಶೇ 20ಕ್ಕೆ ಏರಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಆ ಕೃಪಾಂಕ ಇರಲಿಲ್ಲ, ಶೇ 62.34 ಆಯಿತು. ಎರಡೇ ವರ್ಷದಲ್ಲಿ ರಾಜ್ಯದ ಟೀಚರುಗಳೆಲ್ಲ ಪಾಠ ಮರೆತರು ಅನ್ನುವುದಕ್ಕೆ ಆಗುವುದಿಲ್ಲ.

ಹಾಗಂತ ಎಲ್ಲಾ ತಪ್ಪನ್ನೂ ಮಕ್ಕಳ ಮನೆಯ ಮೇಲೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ವಿಜ್ಞಾನದ ಹುದ್ದೆ ಖಾಲಿ ಬಿದ್ದು, ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಎರಡು ತಿಂಗಳು ಕಳೆದ ವರ್ಷ, ಚೆನ್ನಾಗಿ ಓದುವವರೂ ಆ ವಿಷಯದಲ್ಲಿ ಬಿದ್ದರು. ಅದು ವ್ಯವಸ್ಥೆಯ ತಪ್ಪು. ಇನ್ನು ನೂರಕ್ಕೆ ನೂರು ಫಲಿತಾಂಶ ಅಂತ ಬೋರ್ಡ್ ಹಾಕುವ ಕಡೆಯೂ ಸ್ವಲ್ಪ ವಿಚಾರಿಸಿ. ಒಂಬತ್ತನೇ ಕ್ಲಾಸು ಮುಗಿಯುತ್ತಲೇ ಅಂಥ ಶಾಲೆಗಳಿಂದ ಟಿಸಿ ಹಿಡಿದುಕೊಂಡು ನಮ್ಮಲ್ಲಿಗೆ ಬರುವ ಮಕ್ಕಳನ್ನು ಪ್ರತಿ ಜೂನಿನಲ್ಲೂ ನೋಡುತ್ತೇನೆ.

ಆದ್ದರಿಂದ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಇಷ್ಟು ಕೇಳಿ. ಈ ಸಲ ಹತ್ತನೇ ಕ್ಲಾಸು ಬರೆದವರಲ್ಲಿ ಎಂಟರಿಂದಲೇ ಇಲ್ಲಿ ಓದಿದವರು ಎಷ್ಟು, ಅವರಲ್ಲಿ ಪಾಸಾದವರು ಎಷ್ಟು? ನಮ್ಮ ಶಾಲೆಯಲ್ಲಿ ಈ ಲೆಕ್ಕ ಹಾಕಿದಾಗಲೆಲ್ಲ ಚಿತ್ರವೇ ಬೇರೆ ಆಗುತ್ತದೆ. ಮೂರೂ ವರ್ಷ ಇದ್ದವರು, ಅದರಲ್ಲೂ ಹೆಣ್ಣುಮಕ್ಕಳು, ಬಹುತೇಕ ದಾಟುತ್ತಾರೆ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಟೀಚರ್ ಇದ್ದಾರಾ ಕೇಳಿ. ಆಗುವುದಾದರೆ ಎಂಟನೇ ಕ್ಲಾಸಿನ ಒಂದೆರಡು ನೋಟ್‌ಬುಕ್ ತೆರೆದು ನೋಡಿ. ಬರೀ ಸಹಿ ಇದೆಯಾ, ತಪ್ಪಿದ ಸಾಲನ್ನು ತಿದ್ದಿ ಬರೆದಿದ್ದಾರಾ? ಪಾಠದ ವಿಷಯ ನಿಮಗೆ ಅಲ್ಲೇ ತಿಳಿಯುತ್ತದೆ.

ನಿಮ್ಮ ಮಗಳು ಮೂರು ವರ್ಷವೂ ಇರುತ್ತಾಳೆ, ಮನೆಯಲ್ಲಿ ಕೂತು ಓದಿಸುವುದಕ್ಕೆ ನೀವಿದ್ದೀರಿ. ಟೀಚರುಗಳಿದ್ದರೆ ನಾನಾದರೆ ಸೇರಿಸುತ್ತೇನೆ. ಹಳೇ ಶಾಲೆಯಿಂದ ಟಿಸಿ ಬರುವುದು ತಡವಾಯಿತು ಅಂತ ಸುಮ್ನೆ ಕಾಯಬೇಡಿ. ಎಂಟನೇ ಕ್ಲಾಸಿನವರೆಗೆ ಆ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಜೂನ್ ಮೊದಲ ವಾರದಲ್ಲೇ ಕಳಿಸಿ, ಹಿಂದಿನ ಕ್ಲಾಸಿನ ಪಾಠವನ್ನು ಮತ್ತೆ ಹೇಳಿಕೊಡುವ ಸೇತುಬಂಧ ತಪ್ಪಿಸಬೇಡಿ.