ಹೊಳೆಬದಿಯ ಪಾಚಿಯನ್ನು ಲ್ಯಾಬಿಗೆ ಕೊಡುವ ಮುನ್ನ

ಪ್ರಶ್ನೆ: ಉದ್ಯಾವರ ಹೊಳೆಯ ಹತ್ತಿರ ನಮ್ಮ ಮನೆ. ನೀರು ಇಳಿದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನ ಮೇಲೆ ಹಸಿರು ಪಾಚಿ ಚರ್ಮದ ಹಾಗೆ ಅಂಟಿಕೊಂಡಿರುತ್ತದೆ. ಕೆರೆದರೆ ಅಡಿಯಲ್ಲಿ ನೇರಳೆ, ಅದರ ಕೆಳಗೆ ಕಪ್ಪು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಕಾರ್ಖಾನೆಯ ಬಣ್ಣ, ಲೋಹ ಸೇರಿದೆ ಅಂತಾರೆ. ಪರೀಕ್ಷೆ ಮಾಡಿಸಬಹುದಾ? ಅಲ್ಲಿನ ಮರುವಾಯಿ (ಚಿಪ್ಪಿನ ಜೀವಿ) ತಿನ್ನಬಹುದಾ?
– ಓದುಗರು, ಉದ್ಯಾವರ

ಉತ್ತರ: ಬಣ್ಣ ನೋಡಿ ಹೆದರಬೇಡಿ. ನೀವು ಹೇಳಿದ ಮೂರೂ ಬಣ್ಣ ಸೂಕ್ಷ್ಮಜೀವಿಗಳದ್ದೇ ಕೆಲಸ. ಮೇಲಿನ ಹಸಿರು ಸಯನೋಬ್ಯಾಕ್ಟೀರಿಯಾ, ಅಂದರೆ ಗಿಡಗಳ ಹಾಗೆ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಕೆಳಗಿನ ನೇರಳೆ ಪದರದ ಬ್ಯಾಕ್ಟೀರಿಯಾಗಳು ಹಸಿರು ಪದರವನ್ನು ದಾಟಿ ಬರುವ, ನಮ್ಮ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನಲ್ಲೇ ಬದುಕುತ್ತವೆ. ಇನ್ನೂ ಕೆಳಗೆ ಗಾಳಿಯಾಡದ ಕಡೆ ಬೇರೆ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟಿನಿಂದ ಆ ವಾಸನೆಯ ಅನಿಲ ಮಾಡುತ್ತವೆ, ಅದು ಕೆಸರಿನ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಒಂದು ತುಂಡನ್ನು ಸ್ವಲ್ಪ ಹೊತ್ತು ಗಾಳಿಗೆ ಇಡಿ, ಕಪ್ಪು ಕಂದಾಗುತ್ತಾ ಬರುವುದು ಕಾಣುತ್ತದೆ.

ಆದರೆ ಲೋಹದ ಅನುಮಾನ ಸುಮ್ನೆ ಅಲ್ಲ. ಪಾಚಿಯ ಲೋಳೆಗೆ ತಾಮ್ರ, ಸತು, ಸೀಸ ಚೆನ್ನಾಗಿ ಅಂಟಿಕೊಳ್ಳುತ್ತವೆ, ಬಣ್ಣ ಮಾತ್ರ ಅದನ್ನು ಹೇಳುವುದಿಲ್ಲ. ಹಾಗಾಗಿ ಲೋಹಕ್ಕೊಂದು, ಬಣ್ಣ ಯಾವುದರದ್ದು ಎಂದು ತಿಳಿಯಲು ಒಂದು, ಹೀಗೆ ಎರಡು ಪರೀಕ್ಷೆ, ಎರಡು ಬೇರೆ ಸ್ಯಾಂಪಲ್. ಲೋಹಕ್ಕೆ ಸ್ಯಾಂಪಲನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಲೋಹಗಳನ್ನು ಅತಿ ಕಡಿಮೆ ಪ್ರಮಾಣದಲ್ಲೂ ಅಳೆಯುವ ಐಸಿಪಿ-ಎಂಎಸ್ ಯಂತ್ರಕ್ಕೆ ಕೊಡುತ್ತಾರೆ. ಆ ಆಮ್ಲ ತಗುಲಿದರೆ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್ ಒಳಗಿನ ಮೆಗ್ನೀಸಿಯಂ ಕಳಚಿ ಬಣ್ಣವೇ ಕೆಡುತ್ತದೆ. ಬಣ್ಣದ ಸ್ಯಾಂಪಲನ್ನು ಅಲ್ಯೂಮಿನಿಯಂ ಫಾಯಿಲಿನಲ್ಲಿ ಸುತ್ತಿ, ಕತ್ತಲಲ್ಲಿ, ಐಸಿನಲ್ಲಿ ಒಯ್ಯಬೇಕು. ಲ್ಯಾಬಿನಲ್ಲಿ ಅಸಿಟೋನ್ ಎಂಬ ದ್ರಾವಕಕ್ಕೆ ಇಳಿದ ಬಣ್ಣ 664 ನ್ಯಾನೊಮೀಟರ್ ತರಂಗಾಂತರದ ಹತ್ತಿರ ಬೆಳಕು ಹೀರಿದರೆ ಕ್ಲೋರೋಫಿಲ್, 770ರ ಹತ್ತಿರ ಹೀರಿದರೆ ನೇರಳೆ ಬ್ಯಾಕ್ಟೀರಿಯಾದ್ದು. ಸಯನೋಬ್ಯಾಕ್ಟೀರಿಯಾದ ನೀಲಿ ಬಣ್ಣವಾದ ಫೈಕೋಸಯಾನಿನ್ ಅಸಿಟೋನಿಗೆ ಬರುವುದೇ ಇಲ್ಲ, ಅದಕ್ಕೆ ಬಫರ್ ಎಂಬ ಉಪ್ಪುನೀರಿನಂಥ ದ್ರಾವಣ ಬೇಕು.

ಲೋಹದ ಸ್ಯಾಂಪಲ್ ತೆಗೆಯುವಾಗ ಸ್ಟೀಲ್ ಚಾಕು ಬೇಡವೇ ಬೇಡ, ಅದರಿಂದಲೇ ಕ್ರೋಮಿಯಂ, ನಿಕ್ಕಲ್ ಸೇರಬಹುದು. ಪ್ಲಾಸ್ಟಿಕ್ ಚಮಚ, ಹೊಸ ಪ್ಲಾಸ್ಟಿಕ್ ಡಬ್ಬಿ ಸಾಕು, ಫಾಯಿಲ್ ಮುಟ್ಟಿಸಬೇಡಿ. ಪದರಗಳನ್ನು ಬೇರೆ ಬೇರೆ ತೆಗೆಯಿರಿ. ಎಲ್ಲ ಕಲಸಿ ಕೊಟ್ಟರೆ ಲೋಹ ಪಾಚಿಯಲ್ಲಿದೆಯೋ ಕೆಸರಿನಲ್ಲಿದೆಯೋ ತಿಳಿಯುವುದೇ ಇಲ್ಲ.

ಇನ್ನೊಂದು ಮಾತು. ನಮ್ಮದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಮಣ್ಣು, ಕಬ್ಬಿಣ ಹೇಗೂ ಜಾಸ್ತಿ ಬರುತ್ತದೆ, ರಿಪೋರ್ಟಿನ ಆ ಒಂದು ಅಂಕಿ ಹಿಡಿದು ಯಾರ ಮೇಲೂ ಆರೋಪ ಹೊರಿಸಬೇಡಿ. ಹೊಳೆಯ ಮೇಲ್ಭಾಗದ ಕೆಸರನ್ನೂ ಕೊಡಿ, ಅಲ್ಯೂಮಿನಿಯಂ ಕೂಡ ಅಳೆಯಲು ಹೇಳಿ. ಅಲ್ಯೂಮಿನಿಯಂ ಬರುವುದು ಹೆಚ್ಚಾಗಿ ಮಣ್ಣಿನಿಂದ. ಅದಕ್ಕೆ ಹೋಲಿಸಿದಾಗ ಸತು, ಸೀಸ ನಿಮ್ಮ ಜಾಗದಲ್ಲಿ ಮಾತ್ರ ಏರಿದ್ದರೆ ಆಗ ಕೇಳುವ ಹಕ್ಕು ನಿಮಗಿದೆ, ಖಂಡಿತ ಕೇಳಿ.

ಮರುವಾಯಿಗೆ ಪಾಚಿಯ ರಿಪೋರ್ಟ್ ಆಗುವುದಿಲ್ಲ. ಅದರ ಮಾಂಸವನ್ನೇ ಬೇರೆಯಾಗಿ ಕೊಟ್ಟು ಕ್ಯಾಡ್ಮಿಯಂ, ಸೀಸ, ಪಾದರಸ ನೋಡಿಸಿ. ಎಷ್ಟು ಬೇಯಿಸಿದರೂ ಲೋಹ ನಾಶವಾಗುವುದಿಲ್ಲ, ಹಾಗಾಗಿ ರಿಪೋರ್ಟ್ ಬರುವ ತನಕ ಆ ಜಾಗದ್ದು ಬೇಡ, ಮಕ್ಕಳಿಗಂತೂ ಕೊಡಲೇಬೇಡಿ.